ಕೈ ಪಳಗಿದ ಅಕ್ಕಸಾಲಿಗರು ಮುಂಬಯಿಯಲ್ಲಿ ಕಾರ್ಯಾಗಾರ ಆರಿಸಿಕೊಳ್ಳುವ ಬಗೆ: ಸಮಗ್ರ ಮಾರ್ಗದರ್ಶಿ

ಆಭರಣದ ಕೆಲಸವನ್ನು ಹೊಸದಾಗಿ ಕಲಿಯುವವರಿಗೆ ಮುಂಬಯಿಯಲ್ಲಿ ಕಾರ್ಯಾಗಾರಗಳ ಬರವಿಲ್ಲ. ಬಾಂದ್ರಾ, ಖಾರ್, ಲೋವರ್ ಪರೇಲ್‌ಗಳ ಸ್ಟುಡಿಯೋಗಳಲ್ಲಿ ವಾರದ ಕೊನೆಗೆ ಯಾರಾದರೂ ಒಬ್ಬರು ಬೆಳ್ಳಿಯ ಉಂಗುರ ಮಾಡುವುದನ್ನು ಹೇಳಿಕೊಡುತ್ತಲೇ ಇರುತ್ತಾರೆ. ಆಯ್ಕೆ ಕಷ್ಟವಾಗುವುದು ಹತ್ತು ಹದಿನೈದು ವರ್ಷ ಬೆಂಕಿಯ ಮುಂದೆ ಕುಳಿತು ಕೈ ಪಳಗಿದವರಿಗೆ. ಅವರಿಗೆ ಬೆಸುಗೆ ಬರುತ್ತದೆ, ಅರ ಹಿಡಿಯಲು ಬರುತ್ತದೆ, ಗಿರಾಕಿಗಳೂ ಇದ್ದಾರೆ. ಆದರೂ ಕೆಲಸದಲ್ಲಿ ಎಲ್ಲೋ ಒಂದು ಕಡೆ ಸಿಕ್ಕು ಬಿದ್ದಿದೆ. ಆ ಸಿಕ್ಕನ್ನು ಬಿಡಿಸುವ ಕಾರ್ಯಾಗಾರ ಯಾವುದು, ಎರಡು ದಿನದ ದುಡಿಮೆಯನ್ನೂ ಶುಲ್ಕವನ್ನೂ ನುಂಗಿ ಒಂದು ಪದಕವನ್ನು ಕೈಗಿಟ್ಟು ಕಳಿಸುವ ಕಾರ್ಯಾಗಾರ ಯಾವುದು ಎಂಬುದನ್ನು ಹಣ ಕಟ್ಟುವ ಮೊದಲೇ ತಿಳಿದುಕೊಳ್ಳುವ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ನನ್ನ ಅಪ್ಪ ಗದಗದಿಂದ ಬಂದು ಕಾಳಬಾದೇವಿಯ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ ಪತ್ತಾರಿಕೆ ಮಾಡಿದವರು. ನಾನು ಡೊಂಬಿವಲಿಯ ಮನೆಯಲ್ಲಿಯೇ ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷಗಳಿಂದ ಹೆಚ್ಚಾಗಿ ಬೆಳ್ಳಿಯಲ್ಲಿ, ಆಗೀಗ ಚಿನ್ನದಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಅವಧಿಯಲ್ಲಿ ಹೋದ ಕಾರ್ಯಾಗಾರಗಳು ಒಂಬತ್ತು. ಅವುಗಳಲ್ಲಿ ನನ್ನ ಕೆಲಸವನ್ನು ಬದಲಿಸಿದವು ಮೂರು.

ಹೆಜ್ಜೆ 1: ಒಂದು ತಿಂಗಳು ನಿಮ್ಮ ತಪ್ಪುಗಳ ಲೆಕ್ಕ ಬರೆಯಿರಿ

ಕಾರ್ಯಾಗಾರದ ಜಾಹೀರಾತನ್ನು ನೋಡುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು ಮೂವತ್ತು ದಿನ ನಾಲ್ಕು ಸಂಗತಿಗಳನ್ನು ಬರೆದಿಡಿ: ಕೆಟ್ಟುಹೋದ ಅಥವಾ ಮತ್ತೆ ಮಾಡಬೇಕಾಗಿ ಬಂದ ಕೆಲಸ, ರಿಪೇರಿಗೆಂದು ವಾಪಸು ಬಂದ ಒಡವೆ, ಹೊರಗೆ ಕೊಟ್ಟು ಮಾಡಿಸಿದ ಕೆಲಸ ಮತ್ತು ಅದಕ್ಕೆ ತೆತ್ತ ಹಣ, ಬರುವುದಿಲ್ಲವೆಂದು ಕೈಬಿಟ್ಟ ಆರ್ಡರ್. ಪ್ರತಿಯೊಂದರ ಮುಂದೆ ಲೋಹ ಯಾವುದು, ತೂಕ ಎಷ್ಟು, ಯಾವ ಹಂತದಲ್ಲಿ ಕೆಟ್ಟಿತು ಎಂಬುದೂ ಇರಲಿ. ‘ಬೆಸುಗೆ ಸರಿಯಾಗಲಿಲ್ಲ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಹರಳಿನ ಮನೆಯನ್ನು ತಗಡಿಗೆ ಕೂಡಿಸುವಾಗ ಬೆಸುಗೆ ಒಂದೇ ಬದಿಗೆ ಹರಿಯಿತು, ತಗಡು ಸಾಕಷ್ಟು ಕಾದಿರಲಿಲ್ಲ’ ಎಂದು ಬರೆದರೆ ಅರ್ಧ ಉತ್ತರ ಅಲ್ಲಿಯೇ ಇರುತ್ತದೆ.

ನಾನು ಮೊದಲ ಬಾರಿ ಹೀಗೆ ಬರೆದಾಗ ಏಳು ಕಡೆ ಒಂದೇ ದೂರು ಕಂಡಿತು: ಮೆರುಗು ಕೊಟ್ಟ ಮೇಲೆ ಬೆಳ್ಳಿಯ ಮೈಯಲ್ಲಿ ಮೋಡದಂತಹ ಬೂದು ಕಲೆ. 925 ಬೆಳ್ಳಿಯಲ್ಲಿ ಸಾವಿರಕ್ಕೆ 75 ಪಾಲು ಇರುವುದು ಸಾಮಾನ್ಯವಾಗಿ ತಾಮ್ರ. ಕಾಯಿಸುವಾಗ ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಪದರದ ಕೆಳಗೆ ಕಲೆಯಾಗಿ ಕೂರುತ್ತದೆ. ಇದಕ್ಕೆ ಕಾರ್ಯಾಗಾರವೇ ಬೇಕಾಗಿರಲಿಲ್ಲ. ಬೋರಿಕ್ ಆಮ್ಲದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಒಡವೆಗೆ ಬಳಿದು, ಸ್ಪಿರಿಟ್ಟಿನ ಬಾಟಲಿಯನ್ನು ಮುಚ್ಚಿ ದೂರವಿಟ್ಟ ನಂತರ ಕಾಯಿಸಬೇಕು, ಜ್ವಾಲೆಯಲ್ಲಿ ಆಮ್ಲಜನಕವನ್ನು ತಗ್ಗಿಸಬೇಕು, ಬೇಗ ಮುಗಿಸಬೇಕು ಎಂಬುದನ್ನು ಪರಿಚಯದ ಕುಶಲಕರ್ಮಿಯೊಬ್ಬರ ಮೇಜಿನ ಪಕ್ಕ ಅರ್ಧ ದಿನ ಕುಳಿತು ಕಲಿತೆ. ಅದೇ ಪುಸ್ತಕದಲ್ಲಿ ಮೀನಾ ಕೆಲಸದ (ಬಣ್ಣದ ಗಾಜಿನ ಪುಡಿಯನ್ನು ಲೋಹದ ಮೇಲೆ ಕರಗಿಸಿ ಕೂರಿಸುವುದು) ಮೂರು ಆರ್ಡರುಗಳನ್ನು ಕೈಬಿಟ್ಟದ್ದೂ ದಾಖಲಾಗಿತ್ತು. ಅದಕ್ಕೆ ಮಾತ್ರ ಹೊರಗೆ ಹೋಗಿ ಕಲಿಯುವುದು ಅಗತ್ಯವಿತ್ತು. ಯಾವುದಕ್ಕೆ ಕಾರ್ಯಾಗಾರ ಬೇಡ ಎಂದು ತಿಳಿದರೂ ಅದು ಉಳಿತಾಯವೇ.

ಹೆಜ್ಜೆ 2: ಕಲಿಯಬೇಕೋ, ಮಾಡಿಸಬೇಕೋ ಎಂದು ನಿರ್ಧರಿಸಿ

ಈ ಪ್ರಶ್ನೆ ಮುಂಬಯಿಯಲ್ಲಿ ಇರುವಷ್ಟು ತೀಕ್ಷ್ಣವಾಗಿ ಬೇರೆ ಊರುಗಳಲ್ಲಿ ಇರಲಿಕ್ಕಿಲ್ಲ. ಮಸ್ಜಿದ್ ಬಂದರ್ ಸ್ಟೇಷನ್ನಿನಲ್ಲಿ ಇಳಿದು ಝವೇರಿ ಬಝಾರಿನ ಕಡೆಗೆ ನಡೆದರೆ ಎರಕ ಹೊಯ್ಯುವವರು, ಮೆರುಗು ಕೊಡುವವರು, ಪ್ಲೇಟಿಂಗ್ ಮಾಡುವವರು, ಹರಳು ಕೂರಿಸುವವರು, ಮಣಿ ಪೋಣಿಸಿ ರೇಷ್ಮೆಯ ಗೊಂಡೆ ಕಟ್ಟುವ ಪಟವೇಗಾರರು ಒಂದೊಂದು ಮಹಡಿಯಲ್ಲಿ ಸಿಗುತ್ತಾರೆ. ಹರಳು ಕೂರಿಸುವವರಲ್ಲಿ ಬಂಗಾಳದ ಕಾರೀಗರರು ಹೆಚ್ಚು. ಚಿನ್ನ–ಬೆಳ್ಳಿಯನ್ನು ಕರಗಿಸಿ ಶುದ್ಧಿ ಮಾಡುವ ಗಲಾಯಿ ಕೆಲಸದಲ್ಲಿ ಸಾಂಗ್ಲಿ ಜಿಲ್ಲೆಯ ಕಡೆಯವರು ಹೆಸರುವಾಸಿ. ಗಟಾರದ ಕೆಸರನ್ನು ಗುಡಿಸಿ ತೊಳೆದು ಅದರಲ್ಲಿ ಬೆರೆತ ಚಿನ್ನದ ಕಣಗಳನ್ನು ತೆಗೆಯುವವರಿಗೂ ಇಲ್ಲಿ ಜೀವನೋಪಾಯವಿದೆ ಎಂದ ಮೇಲೆ, ಕೆಲಸ ಎಷ್ಟು ಸಣ್ಣ ಸಣ್ಣದಾಗಿ ಹಂಚಿಹೋಗಿದೆ ಎಂಬುದನ್ನು ಊಹಿಸಬಹುದು.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಕಂಡ ಪ್ರತಿಯೊಂದು ಕೊರತೆಗೂ ಕಾರ್ಯಾಗಾರ ಹುಡುಕುವುದು ಸರಿಯಲ್ಲ. ನಾನು ಇಟ್ಟುಕೊಂಡಿರುವ ಅಳತೆ ಸರಳ: ಆ ಕೆಲಸ ನನ್ನ ವಿನ್ಯಾಸದ ರೂಪವನ್ನು ನಿರ್ಧರಿಸುವುದಾದರೆ ಕಲಿಯುತ್ತೇನೆ, ವಿನ್ಯಾಸ ಮುಗಿದ ಮೇಲೆ ಮಾಡುವ ಸೇವೆಯಾದರೆ ಹೊರಗೆ ಕೊಡುತ್ತೇನೆ. ಈ ಲೆಕ್ಕದಲ್ಲಿ ಮೀನಾ ಮತ್ತು ಹರಳು ಕೂರಿಸುವುದು ಕಲಿಯುವ ಪಟ್ಟಿಗೆ ಬಂದವು. ರೋಡಿಯಂ ಪ್ಲೇಟಿಂಗ್ ಮತ್ತು ಎರಕ ಹೊರಗೆ ಹೋದವು. ಕಂಪ್ಯೂಟರ್ ವಿನ್ಯಾಸ (ಕ್ಯಾಡ್) ನಡುವೆ ನಿಲ್ಲುತ್ತದೆ. ಕ್ಯಾಡ್ ಆಪರೇಟರಾಗುವ ಆಸೆ ಇಲ್ಲದವರು ಆರು ತಿಂಗಳ ತರಗತಿಗೆ ಸೇರಬೇಕಾಗಿಲ್ಲ. ಪರದೆಯ ಮೇಲಿನ ಮಾದರಿಯಲ್ಲಿ ಗೋಡೆ ಎಷ್ಟು ತೆಳ್ಳಗಿದೆ, ಎರಕದಲ್ಲಿ ಎಷ್ಟು ಕುಗ್ಗುತ್ತದೆ, ಅರ ಹಾಕಿ ಮೆರುಗು ಕೊಡಲು ಎಷ್ಟು ಲೋಹವನ್ನು ಹೆಚ್ಚಿಗೆ ಬಿಡಬೇಕು ಎಂದು ಆಪರೇಟರನ ಪಕ್ಕ ಕುಳಿತು ಕೇಳುವಷ್ಟು ತಿಳಿಸಿಕೊಡುವ ಎರಡು ಮೂರು ದಿನದ ತರಬೇತಿ ಸಾಕು.

ಹೆಜ್ಜೆ 3: ಎಂತಹ ಕಡೆ ಕಲಿಯಬೇಕು ಎಂದು ಗುರುತಿಸಿಕೊಳ್ಳಿ

ಸಂಸ್ಥೆಗಳು ಒಂದು ಬಗೆ. ರತ್ನ ಮತ್ತು ಆಭರಣ ರಫ್ತು ಉತ್ತೇಜನ ಮಂಡಳಿಯು (ಸ್ಥಾಪನೆ 1966) ಬೆಳೆಸಿದ ಆಭರಣ ತರಬೇತಿ ಸಂಸ್ಥೆ ಐಐಜಿಜೆ ಅಂಧೇರಿಯ ಕಡೆ ಇದೆ. 1973ರಲ್ಲಿ ಆರಂಭವಾದ ಸೀಪ್ಝ್ ರಫ್ತು ವಲಯದ ಆಭರಣ ಕಾರ್ಖಾನೆಗಳೂ ಅಲ್ಲಿಯೇ ಇರುವುದರಿಂದ ಅಂಧೇರಿಯ ಸುತ್ತ ಕಲಿಕೆಯ ರೀತಿ ಕಾರ್ಖಾನೆಯ ಅಳತೆ, ಕಾರ್ಖಾನೆಯ ವೇಗಗಳ ಕಡೆಗೆ ವಾಲುತ್ತದೆ. ರತ್ನ ಪರೀಕ್ಷೆಯನ್ನು ಕಲಿಯಲು ಅಮೆರಿಕ ಮೂಲದ ಜಿಐಎ ಮತ್ತು 1971ರಿಂದ ನಡೆಯುತ್ತಿರುವ ಭಾರತದ್ದೇ ಆದ ಜಿಐಐ ಎಂಬ ರತ್ನಶಾಸ್ತ್ರ ಸಂಸ್ಥೆಗಳಿವೆ. ‘ನಾನು ಒಡವೆ ಮಾಡುವವಳು, ರತ್ನಶಾಸ್ತ್ರ ನನಗೇಕೆ’ ಎಂದು ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಮುತ್ತು ಮತ್ತು ಓಪಲ್ ಬೆಂಕಿಯನ್ನು ತಾಳುವುದಿಲ್ಲ, ಪಚ್ಚೆಯ ಬಿರುಕುಗಳಲ್ಲಿ ತುಂಬಿದ ಎಣ್ಣೆ ಬಿಸಿಗೆ ಹೊರಬರುತ್ತದೆ, ಹರಳು ಕೂತ ಮೇಲೆ ಮರುಬೆಸುಗೆ ಹಾಕುವುದು ಎಲ್ಲದಕ್ಕೂ ಆಗುವ ಮಾತಲ್ಲ ಎಂಬುದನ್ನು ಗಿರಾಕಿಯ ಹರಳಿನ ಮೇಲೆ ಕಲಿಯುವುದಕ್ಕಿಂತ ತರಗತಿಯಲ್ಲಿ ಕಲಿಯುವುದು ಅಗ್ಗ.

ಇನ್ನೊಂದು ಬಗೆ, ಸ್ಟುಡಿಯೋಗಳು ನಡೆಸುವ ಎರಡರಿಂದ ಐದು ದಿನಗಳ ಶಿಬಿರ. ಮೂರನೆಯದು, ಒಬ್ಬ ಉಸ್ತಾದರ ಪಕ್ಕ ಕುಳಿತು ಕಲಿಯುವುದು. ಅನುಭವಿಗಳಿಗೆ ನನ್ನ ಮತ ಬಹುತೇಕ ಈ ಮೂರನೆಯದಕ್ಕೆ. ಆದರೆ ಉಸ್ತಾದರಿಗೆ ಪಾಠ ಹೇಳುವ ಅಭ್ಯಾಸವಿರುವುದಿಲ್ಲ, ಅವರು ಕೈಯಲ್ಲಿ ತೋರಿಸುತ್ತಾರೆ, ಕಾರಣ ಹೇಳುವುದಿಲ್ಲ. ಭಾಷೆಯ ತೊಡಕೂ ಇದೆ. ಅಪ್ಪನಿಂದ ಕಲಿತ ‘ಬಿಳಿಗಾರ’ (ಬೆಸುಗೆಗೆ ಬಳಸುವ ಬೋರಾಕ್ಸ್) ಎಂಬ ಮಾತು ಇಲ್ಲಿ ಯಾರಿಗೂ ತಿಳಿಯದು. ಹಿಂದಿಯವರಿಗೆ ಸುಹಾಗಾ ಎನ್ನಬೇಕು, ಮರಾಠಿಯವರಿಗೆ ಟಾಕಣಖಾರ್ ಎನ್ನಬೇಕು. ಬೆಸುಗೆಗೆ ಟಾಂಕಾ ಅಥವಾ ಝಾಲ್, ಅರಕ್ಕೆ ಕಾನಸ್. ಹೋಗುವ ಮೊದಲು ಇಂತಹ ಇಪ್ಪತ್ತು ಪದಗಳನ್ನು ಬರೆದುಕೊಂಡು ಹೋದರೆ ಮೊದಲ ದಿನ ವ್ಯರ್ಥವಾಗುವುದಿಲ್ಲ.

ಕೆಲವು ಕಸುಬುಗಳಿಗೆ ಅವುಗಳ ಊರಿಗೇ ಹೋಗುವುದು ಲೇಸು. ಮೀನಾ ಮತ್ತು ಕುಂದಣಕ್ಕೆ (ಚಿನ್ನದ ರೇಕನ್ನು ಒತ್ತಿ ಹರಳು ಕೂರಿಸುವುದು) ಜೈಪುರ, ಬೆಳ್ಳಿಯ ಎಳೆಗಳ ತಾರಕಸಿಗೆ ಕಟಕ್ ಅಥವಾ ಕರೀಂನಗರ, ಬೆಳ್ಳಿಯ ಕಾಲ್ಗೆಜ್ಜೆಗೆ ಕೊಲ್ಹಾಪುರದ ಸಮೀಪದ ಹುಪರಿ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವುದಕ್ಕೆ ನಮ್ಮ ಬೀದರ್. ಕಟಕ್‌ನ ಕಸುಬನ್ನು ಮುಂಬಯಿಯ ಸ್ಟುಡಿಯೋದಲ್ಲಿ ಒಂದು ದಿನದಲ್ಲಿ ಕಲಿಸುತ್ತೇವೆ ಎನ್ನುವವರು ಅದರ ಪರಿಚಯ ಮಾಡಿಸಬಲ್ಲರು, ಅಷ್ಟೇ.

ಸರ್ಕಾರದ ದಾರಿಯೂ ಒಂದಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಕೆಯೂ ಸೇರಿದೆ. 5ರಿಂದ 7 ದಿನಗಳ ಪ್ರಾಥಮಿಕ ತರಬೇತಿ, 15 ದಿನ ಅಥವಾ ಅದಕ್ಕೂ ಹೆಚ್ಚಿನ ಉನ್ನತ ತರಬೇತಿ, ತರಬೇತಿಯ ಸಮಯದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವು ಇದರಲ್ಲಿವೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಸಾಲದ ಸೌಲಭ್ಯ ಮತ್ತು ಪ್ರಮಾಣಪತ್ರ ಬೇಕಾದವರಿಗೆ ಇದು ಉಪಯುಕ್ತ. ನಿಮ್ಮ ಮೇಜಿನ ಒಂದು ನಿರ್ದಿಷ್ಟ ಸಿಕ್ಕನ್ನು ಬಿಡಿಸಿಕೊಳ್ಳಲು ಹೋಗುವವರು ಮೊದಲು ಪಠ್ಯವನ್ನು ಕೇಳಿ ನೋಡಬೇಕು.

ಹೆಜ್ಜೆ 4: ನಿಮ್ಮ ಪಾಲಿಗೆ ಬರುವ ನಿಮಿಷಗಳನ್ನು ಎಣಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪ್ರಕಟಣೆಯಲ್ಲಿ ಬೆಳಗಿನ 10ರಿಂದ ಸಂಜೆ 5.30ರವರೆಗೆ ಎಂದಿದ್ದರೆ ಅದು ಏಳೂವರೆ ಗಂಟೆ. ಅದರಲ್ಲಿ ಊಟಕ್ಕೆ 45 ನಿಮಿಷ, ಎರಡು ಸಲದ ಚಹಾಕ್ಕೆ ಅರ್ಧ ಗಂಟೆ, ಪರಿಚಯ ಮತ್ತು ಪ್ರಾತ್ಯಕ್ಷಿಕೆಗೆ ಒಂದೂಮುಕ್ಕಾಲು ಗಂಟೆ ಕಳೆಯಿರಿ. ಉಳಿಯುವುದು ನಾಲ್ಕೂವರೆ ಗಂಟೆ, ಅಂದರೆ 270 ನಿಮಿಷ. ಹನ್ನೆರಡು ಜನರಿಗೆ ಮೂರು ಟಾರ್ಚ್‌ಗಳಿದ್ದರೆ (ಬೆಸುಗೆಗೆ ಜ್ವಾಲೆ ಕೊಡುವ ಉಪಕರಣ) ಒಟ್ಟು 810 ಟಾರ್ಚ್-ನಿಮಿಷಗಳು, ಒಬ್ಬರ ಪಾಲಿಗೆ ಸುಮಾರು 67. ಬೆಂಕಿಯ ಕೆಲಸವನ್ನು ಕಲಿಯಲು ಹೋದವರಿಗೆ ಬೆಂಕಿ ಸಿಗುವುದು ಒಂದು ಗಂಟೆ ಏಳು ನಿಮಿಷ. ಹೊಸಬರಿಗೆ ಇದು ಸಾಕಾಗಬಹುದು. ಮೂರು ಸಲ ಕೆಡಿಸಿ ನಾಲ್ಕನೆಯ ಸಲ ಕಾರಣ ಹಿಡಿಯಬೇಕಾದ ನಮಗೆ ಇದು ಯಾತಕ್ಕೂ ಸಾಲದು.

ಈ ಲೆಕ್ಕವನ್ನು ನಾನು ಪೆಟ್ಟು ತಿಂದೇ ಕಲಿತೆ. ಕೆಲವು ವರ್ಷಗಳ ಹಿಂದೆ, ಹೆಸರು ಬೇಡ, ಉಪನಗರದ ಒಂದು ಸ್ಟುಡಿಯೋದಲ್ಲಿ ಮೀನಾ ಕಲಿಯಲು ಹೋಗಿದ್ದೆ. ನಾವು ಹದಿನಾಲ್ಕು ಜನ, ಕುಲುಮೆ ಒಂದು, ಅದರೊಳಗೆ ಒಮ್ಮೆಗೆ ಮೂರು ತುಣುಕುಗಳಿಗೆ ಜಾಗ. ಮೀನಾದ ಪುಡಿ ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ನಿಮಿಷದಲ್ಲಿ ಕರಗುತ್ತದೆ, ನಿಜ. ಆದರೆ ಬಾಗಿಲು ತೆರೆದಾಗ ಬಿದ್ದ ಶಾಖ ಮತ್ತೆ ಏರಬೇಕು, ತುಣುಕನ್ನು ಇಡಬೇಕು, ತೆಗೆಯಬೇಕು, ಆರಿಸಬೇಕು. ಒಂದು ತಂಡಕ್ಕೆ ಹತ್ತು ನಿಮಿಷ ಹಿಡಿದರೂ ಐದು ತಂಡಗಳ ಒಂದು ಸುತ್ತಿಗೆ ಐವತ್ತು ನಿಮಿಷ. ಹಿಂಬದಿಯ ಪದರ, ತಳದ ಪದರ, ಎರಡು ಬಣ್ಣ, ಕೊನೆಯ ಹೊಳಪು ಎಂದು ಐದು ಸುತ್ತು ಬೇಕಾದರೆ 250 ನಿಮಿಷ. ಮಧ್ಯಾಹ್ನದ ಊಟದ ನಂತರ ಉಳಿದಿದ್ದದ್ದು ಎರಡು ಗಂಟೆಗಿಂತ ಕಡಿಮೆ.

ಸಮಯ ಸಾಲದೆಂದು ಹಿಂಬದಿಯ ಪದರವನ್ನು ಕೈಬಿಟ್ಟರು. ನಾನು ಕೇಳಿಯೂ ಕೇಳಿದೆ. ತುಣುಕು ಸಣ್ಣದು, ಏನೂ ಆಗುವುದಿಲ್ಲ ಎಂಬ ಉತ್ತರ ಬಂತು. ಕೆಂಪು ಬಣ್ಣವನ್ನು ಬೆಳ್ಳಿಯ ಮೇಲೆ ನೇರವಾಗಿ ಹಾಕಿಸಿದರು. ಪಾರದರ್ಶಕ ಕೆಂಪು ಚಿನ್ನದ ಮೇಲೆ ಅರಳುವಂತೆ ಬೆಳ್ಳಿಯ ಮೇಲೆ ಅರಳುವುದಿಲ್ಲ, ಬಣ್ಣವಿಲ್ಲದ ತಳಪದರವನ್ನೋ ಚಿನ್ನದ ರೇಕನ್ನೋ ಕೆಳಗೆ ಕೊಡಬೇಕು ಎಂದು ಅಲ್ಲಿ ಯಾರೂ ಹೇಳಲಿಲ್ಲ. ಕುಲುಮೆಯಿಂದ ಹೊರಬಂದ ನನ್ನ ಎಲೆಯಾಕಾರದ ಪದಕ ಮೊದಲು ಕಿತ್ತಳೆಯಾಗಿ ಕಂಡು, ಆರುತ್ತಾ ಆರುತ್ತಾ ಇಟ್ಟಿಗೆಯ ಪುಡಿಯ ಬಣ್ಣಕ್ಕೆ ತಿರುಗಿತು. ರಾತ್ರಿ ಡೊಂಬಿವಲಿಯ ಲೋಕಲಿನಲ್ಲಿ ಠಾಣೆ ದಾಟುವಾಗ ಪೊಟ್ಟಣ ಬಿಚ್ಚಿ ನೋಡಿದರೆ ತುದಿಯಿಂದ ಒಂದು ಚೂರು ಕಳಚಿ ಕಾಗದದ ಮಡಿಕೆಯಲ್ಲಿ ಬಿದ್ದಿತ್ತು. ಲೋಹ ಮತ್ತು ಗಾಜು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಹಿಂಬದಿಯಲ್ಲಿ ಎಳೆತವನ್ನು ಸರಿದೂಗಿಸುವ ಪದರವಿಲ್ಲದೆ ತೆಳು ತಗಡು ಬಾಗಿ ಮುಂಬದಿ ಒಡೆದಿತ್ತು.

ಆಮೇಲಿಂದ ನಾನು ಕೇಳುವ ಮೊದಲ ಪ್ರಶ್ನೆ ಶುಲ್ಕದ ಬಗ್ಗೆ ಅಲ್ಲ: ಎಷ್ಟು ಜನ, ಎಷ್ಟು ಬೆಂಕಿ?

ಹೆಜ್ಜೆ 5: ಕಲಿಸುವವರ ಕೆಲಸದ ಹಿಂಬದಿಯನ್ನು ನೋಡಿ

ಫೋಟೋದಲ್ಲಿ ಮುಂಬದಿ ಎಲ್ಲರದೂ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಮೊದಲು ಅವರನ್ನು ಹೋಗಿ ಕಾಣಿ, ಹದಿನೈದು ನಿಮಿಷ ಸಾಕು, ಅವರದೇ ಒಡವೆಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಬೆಸುಗೆಯ ಗೆರೆ, ಕೊಂಡಿಯ ಬುಡ, ಹರಳಿನ ಮನೆಯ ಒಳಮೂಲೆ ಇವುಗಳಲ್ಲಿ ಅರದ ಗೀರು ಉಳಿದಿದೆಯೇ, ಮೆರುಗು ಹೆಚ್ಚಾಗಿ ಅಂಚು ಕರಗಿದೆಯೇ ಎಂಬುದು ಕಸುಬಿನವರ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ.

ಬಳಿಕ ಕೆಟ್ಟ ತುಣುಕುಗಳನ್ನು ತೋರಿಸುವಿರಾ ಎಂದು ಕೇಳಿ. ಕಲಿಸಲು ಯೋಗ್ಯರಾದವರ ಬಳಿ ಒಂದು ಡಬ್ಬಿಯ ತುಂಬ ಕೆಟ್ಟ ಮಾದರಿಗಳಿರುತ್ತವೆ, ಪ್ರತಿಯೊಂದೂ ಏಕೆ ಕೆಟ್ಟಿತು ಎಂದು ಅವರು ಹೇಳಬಲ್ಲರು. ನನಗೆ ಮೀನಾವನ್ನು ಕೊನೆಗೂ ಕಲಿಸಿದ ಹಿರಿಯರು ಮೊದಲ ದಿನ ಮಾಡಿದ ಕೆಲಸವೆಂದರೆ ಅಂತಹ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಇವುಗಳನ್ನು ಗುಂಪು ಮಾಡು ಎಂದದ್ದು. ನನ್ನ ಇಟ್ಟಿಗೆ ಬಣ್ಣದ ಎಲೆಯನ್ನೂ ಅದರಲ್ಲಿ ಸೇರಿಸಿದೆ.

ಹರಳು ಕೂರಿಸುವ ಕಾರ್ಯಾಗಾರಕ್ಕೆ ಇನ್ನೊಂದು ಪರೀಕ್ಷೆ ಇದೆ: ಉಳಿಗಳನ್ನು ಸಾಣೆ ಹಿಡಿಯುವವರು ಯಾರು? ಎಲ್ಲ ಉಳಿಗಳನ್ನೂ ಸಾಣೆ ಹಿಡಿದೇ ಕೊಡುತ್ತೇವೆ, ನೀವು ಬಂದು ಕೂತರೆ ಸಾಕು ಎಂದರೆ ಅಲ್ಲಿಗೆ ಹೋಗಬೇಡಿ. ಉಳಿಯ ಮುಖವನ್ನು ಯಾವ ಕೋನಕ್ಕೆ ತರಬೇಕು, ತುದಿ ಮೊಂಡಾದದ್ದು ಕೈಗೆ ಹೇಗೆ ತಿಳಿಯುತ್ತದೆ ಎಂಬುದು ಬಾರದಿದ್ದರೆ ಮನೆಗೆ ಬಂದ ಮೂರನೆಯ ದಿನ ಉಳಿ ಜಾರಿ ಬೆರಳಿಗೆ ಹೊಡೆಯುತ್ತದೆ, ಕಲಿತದ್ದು ಅಲ್ಲಿಗೆ ನಿಲ್ಲುತ್ತದೆ.

ಬೋರಿವಲಿಯಿಂದ ಒಬ್ಬ ಹುಡುಗಿ, ಅವಳೂ ಒಂಬತ್ತು ವರ್ಷ ಬೆಳ್ಳಿಯಲ್ಲಿ ಕೆಲಸ ಮಾಡಿದವಳು, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಮೆಟ್ಟಿಲ ಮೇಲೆ ಸಿಕ್ಕಾಗ ಮೊಬೈಲಿನಲ್ಲಿ ಒಂದು ಪ್ರಕಟಣೆಯನ್ನು ತೋರಿಸಿದಳು.

“ಅಕ್ಕಾ, ಪ್ರಾರಂಭದಿಂದ ಹಿಡಿದು ಪರಿಣತರವರೆಗೂ ಎಲ್ಲರಿಗೂ ಅಂತ ಹಾಕಿದ್ದಾರೆ. ಸೇರಲಾ?”

“ಅವರಿಗೆ ಫೋನ್ ಮಾಡಿ, ಈ ಎರಡು ದಿನದಲ್ಲಿ ಏನನ್ನು ಕಲಿಸೋದಿಲ್ಲ ಅಂತ ಕೇಳಮ್ಮ. ಆಮೇಲೆ ನನಗೆ ಹೇಳು.”

ಮರುದಿನ ಅವಳ ಸಂದೇಶ ಬಂತು: ಎಲ್ಲವನ್ನೂ ಕಲಿಸುತ್ತಾರಂತೆ. ಅವಳು ಸೇರಲಿಲ್ಲ. ಪರಿಣತರಿಗೆಂದು ರೂಪಿಸಿದ ಕಾರ್ಯಾಗಾರಕ್ಕೆ ಪ್ರವೇಶದ ಷರತ್ತೊಂದು ಇದ್ದೇ ಇರುತ್ತದೆ: ನಿಮ್ಮ ಕೆಲಸದ ಫೋಟೋ ಕೇಳುತ್ತಾರೆ, ಬೆಸುಗೆ ಬರುತ್ತದೆಯೇ ಎಂದು ವಿಚಾರಿಸುತ್ತಾರೆ, ಕೆಲವರನ್ನು ಬೇಡವೆನ್ನುತ್ತಾರೆ.

ಹೆಜ್ಜೆ 6: ಲೋಹ, ತೂಕ, ಬೆಸುಗೆ

ಲೋಹ ಯಾರದು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಲೋಹ ನಿಮ್ಮದಾದರೆ 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯನ್ನು ನೀವೇ ಒಯ್ದು, ಆರಂಭದಲ್ಲಿಯೂ ಕೊನೆಯಲ್ಲಿಯೂ ತೂಗಿ. 30 ಗ್ರಾಂ ಬೆಳ್ಳಿ ಕೊಟ್ಟಿದ್ದರೆ, ಒಡವೆ 21.40, ತುಂಡುಗಳು 7.10, ಅರದ ಪುಡಿ 0.90 ಎಂದು ಕೂಡಿದಾಗ 29.40 ಆಗುತ್ತದೆ, ಉಳಿದ 0.60 ಮೆರುಗಿನ ಬಟ್ಟೆಗೂ ಗಾಳಿಗೂ ಹೋಯಿತು ಎನ್ನಬಹುದು. ಪುಡಿಯನ್ನು ಎಲ್ಲರದೂ ಒಂದೇ ಡಬ್ಬಿಗೆ ಹಾಕಿಸಿ ಸ್ಟುಡಿಯೋ ಇಟ್ಟುಕೊಳ್ಳುವುದಾದರೆ ಅದನ್ನೂ ಶುಲ್ಕವೆಂದೇ ಎಣಿಸಿ. ಚಿನ್ನವನ್ನು ಅಭ್ಯಾಸಕ್ಕೆಂದು ಲೋಕಲಿನಲ್ಲಿ ಒಯ್ಯಬೇಡಿ. ಮೊದಲ ಸುತ್ತು ತಾಮ್ರದಲ್ಲಿ, ಮುಂದಿನದು ಬೆಳ್ಳಿಯಲ್ಲಿ ಆಗಲಿ. ಆದರೆ ತಾಮ್ರದಲ್ಲಿಯೇ ಮುಗಿಯುವ ಕಾರ್ಯಾಗಾರ ನಮಗೆ ಕಡಿಮೆ ಬೀಳುತ್ತದೆ, ಏಕೆಂದರೆ ಶುದ್ಧ ಬೆಳ್ಳಿ ಕರಗುವುದು 962 ಡಿಗ್ರಿಯ ಆಸುಪಾಸಿನಲ್ಲಿ, ತಾಮ್ರ 1085ರಲ್ಲಿ. 925 ಬೆಳ್ಳಿ ಅದಕ್ಕಿಂತಲೂ ಬೇಗ ಸೋಲುತ್ತದೆ. ತಾಮ್ರದಲ್ಲಿ ದೊರೆತ ಧೈರ್ಯ ಬೆಳ್ಳಿಯ ತೆಳು ಕಂಬಿಯ ಮುಂದೆ ನಿಲ್ಲುವುದಿಲ್ಲ.

ಚಿನ್ನದ ಕೆಲಸವಾದರೆ ಬೆಸುಗೆ ಯಾವುದೆಂದು ಕೇಳಲೇಬೇಕು. 2021ರ ಜೂನ್‌ನಿಂದ ಚಿನ್ನದ ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗಿದೆ, 2023ರ ಏಪ್ರಿಲ್ 1ರಿಂದ ಒಡವೆಯ ಗುರುತಿನ ಸಂಖ್ಯೆಯಾದ ಆರು ಅಕ್ಷರಾಂಕಗಳ ಎಚ್‌ಯುಐಡಿ ಇಲ್ಲದೆ ಅಂತಹ ಒಡವೆಯನ್ನು ಮಾರುವಂತಿಲ್ಲ. ಕಡಿಮೆ ಶುದ್ಧತೆಯ ಬೆಸುಗೆಯನ್ನು ಧಾರಾಳವಾಗಿ ಹರಿಸುವ ವಿಧಾನವನ್ನು ಕಲಿತು ಬಂದರೆ 916ರ (22 ಕ್ಯಾರೆಟ್) ಒಡವೆ ಪರೀಕ್ಷೆಯಲ್ಲಿ ಬಿದ್ದುಹೋಗಬಹುದು. ಕುಂದಣ, ಪೋಲ್ಕಿ (ಮುಖ ಕತ್ತರಿಸದ ವಜ್ರದ ಕೆಲಸ), ಜಡಾವು (ಹರಳು ಕೆತ್ತಿ ಕೂರಿಸಿದ) ಒಡವೆಗಳಿಗೆ ಕಡ್ಡಾಯದಿಂದ ವಿನಾಯಿತಿ ಇದೆ.

ಹೆಜ್ಜೆ 7: ಗಾಳಿ, ಹೊಗೆ ಮತ್ತು ನಿಮ್ಮ ಮನೆಯ ಮೀಟರ್

ಕೆಡಿಎಂ ಎಂಬ ಮಾತನ್ನು ಗಿರಾಕಿಗಳು ಇಂದಿಗೂ ಶುದ್ಧತೆಯ ಗುರುತೆಂದು ಹೇಳುತ್ತಾರೆ; ನಿಜದಲ್ಲಿ ಅದು ಕ್ಯಾಡ್ಮಿಯಂ ಸೇರಿದ ಬೆಸುಗೆ. ಕ್ಯಾಡ್ಮಿಯಂ 767 ಡಿಗ್ರಿಯಲ್ಲಿ ಕುದಿಯುವುದರಿಂದ ಬೆಸುಗೆಯ ಶಾಖದಲ್ಲಿ ಹೊಗೆಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಕ್ಯಾಡ್ಮಿಯಂ ಬೆಸುಗೆಯನ್ನು ಬಳಸುವ ಕಡೆಗೆ ಎಷ್ಟೇ ದೊಡ್ಡ ಉಸ್ತಾದರಿದ್ದರೂ ಹೋಗಬೇಡಿ. ಹೊಗೆಯನ್ನು ಮೇಜಿನ ಮಟ್ಟದಲ್ಲಿಯೇ ಎಳೆದು ಹೊರಹಾಕುವ ಫ್ಯಾನ್, ಎರಕದ ಪುಡಿಯನ್ನು ಕಲಸುವಾಗ ಸಿಲಿಕಾ ಧೂಳನ್ನು ತಡೆಯುವ ಮುಖಗವಸು, ಆಮ್ಲವನ್ನು ನೀರಿಗೆ ಹಾಕುವ (ನೀರನ್ನು ಆಮ್ಲಕ್ಕೆ ಹಾಕದಿರುವ) ಶಿಸ್ತು, ಇವು ಕಣ್ಣಿಗೆ ಬೀಳಬೇಕು. ಎಸಿ ಹಾಕಿ ಕಿಟಕಿಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಟಾರ್ಚ್ ಹಚ್ಚುವುದನ್ನು ನಾನು ನೋಡಿದ್ದೇನೆ, ಅರ್ಧದಲ್ಲಿ ಎದ್ದು ಬಂದಿದ್ದೇನೆ.

ಕಾರ್ಯಾಗಾರದ ಉಪಕರಣ ನಿಮ್ಮ ಮನೆಯಲ್ಲಿ ಇರಬಲ್ಲದೇ ಎಂಬುದೂ ಇದೇ ಹೆಜ್ಜೆಯ ಮಾತು. ಕಟ್ಟಡದ ನಾಲ್ಕನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಆಮ್ಲಜನಕದ ಸಿಲಿಂಡರ್ ಇಡಲು ಸೊಸೈಟಿಯವರು ಸುಲಭವಾಗಿ ಒಪ್ಪುವುದಿಲ್ಲ. ಕುಲುಮೆಯ ವಿದ್ಯುತ್ ಭಾರವನ್ನು ಹಳೆಯ ವೈರಿಂಗ್ ತಾಳುತ್ತದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಬೇಕು.

ಹೆಜ್ಜೆ 8: ಪೂರ್ತಿ ಖರ್ಚನ್ನು ಕೂಡಿ, ತಿಂಗಳನ್ನು ಆರಿಸಿ

ಉದಾಹರಣೆಗೆ ಎರಡು ದಿನದ ಶುಲ್ಕ 12,000 ರೂಪಾಯಿ ಎಂದುಕೊಳ್ಳಿ. ಶೇ. 18 ಜಿಎಸ್‌ಟಿ 2,160, ಲೋಹ ಮತ್ತು ಸಾಮಾನು 3,000, ತಪ್ಪಿದ ಎರಡು ದಿನದ ದುಡಿಮೆ 4,000, ಓಡಾಟ ಮತ್ತು ಊಟ 600, ಒಟ್ಟು 21,760. ಈಗ ನೋಟ್‌ಬುಕ್ಕಿಗೆ ಮರಳಿ, ಅದೇ ಕೆಲಸಕ್ಕೆ ಹೊರಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದೀರಿ ಎಂದು ನೋಡಿ. 1,800 ಕೊಡುತ್ತಿದ್ದರೆ ಖರ್ಚು ಹಿಂದಿರುಗಲು ಸುಮಾರು ಹನ್ನೆರಡು ತಿಂಗಳು, ಅದೂ ಮೊದಲ ದಿನದಿಂದಲೇ ಕೈ ಕೂಡಿಬಂದರೆ.

ಅಕ್ಷಯ ತೃತೀಯ, ದಸರಾ, ಧನತ್ರಯೋದಶಿಗಳ ಹಿಂದಿನ ಆರು ವಾರಗಳಲ್ಲಿ ಯಾವ ಕಾರ್ಯಾಗಾರಕ್ಕೂ ಹೆಸರು ಕೊಡಬೇಡಿ. ಆಷಾಢದಲ್ಲಿ ಕೈ ಬಿಡುವಾಗಿರುತ್ತದೆ, ಆದರೆ ಅದೇ ಹೊತ್ತಿಗೆ ಕುರ್ಲಾ–ಸಾಯನ್ ನಡುವೆ ಹಳಿಗಳ ಮೇಲೆ ನೀರು ನಿಂತು ಲೋಕಲ್‌ಗಳು ನಿಲ್ಲುತ್ತವೆ. ಮಳೆಯಿಂದ ಬರಲಾಗದಿದ್ದರೆ ದಿನ ಬದಲಿಸಿಕೊಡುವಿರಾ ಎಂಬ ಪ್ರಶ್ನೆಗೆ ಸಂದೇಶದಲ್ಲಿ ಉತ್ತರ ಪಡೆದ ಮೇಲೆಯೇ ಹಣ ಕಳಿಸಿ. ನಿಮ್ಮದೇ ವಿನ್ಯಾಸವನ್ನು ಅಲ್ಲಿ ಮಾಡುವುದಾದರೆ ಅದರ ಫೋಟೋವನ್ನು ಅವರು ಪ್ರಚಾರಕ್ಕೆ ಬಳಸಬಹುದೇ ಎಂಬುದನ್ನೂ ಆಗಲೇ ತೀರ್ಮಾನಿಸಿಕೊಳ್ಳಿ.

ಹೆಜ್ಜೆ 9: ಅಲ್ಲಿ ಕುಳಿತಾಗ, ಮನೆಗೆ ಬಂದಾಗ

ಒಡವೆ ಮುಗಿಸುವ ಆಸೆಯನ್ನು ಬಿಟ್ಟು ಹೋಗಿ. ಎರಡು ಸೆಂಟಿಮೀಟರಿನ ಚೌಕದ ತಗಡುಗಳನ್ನು ಹತ್ತಾರು ಕತ್ತರಿಸಿಕೊಂಡು ಒಯ್ದು, ಪ್ರತಿಯೊಂದರ ಹಿಂದೆ ಸಂಖ್ಯೆ ಕೊರೆದು, ಶಾಖ, ಸಮಯ, ಪದರಗಳನ್ನು ಒಂದೊಂದನ್ನೇ ಬದಲಿಸಿ ನೋಡಿ. ಮನೆಯಲ್ಲಿ ಕೆಟ್ಟ ಕೆಲಸವನ್ನು ಜೊತೆಗೆ ಒಯ್ಯಿರಿ. ನಿಮಗೆ ಗೊತ್ತಿರುವುದನ್ನು ಕಲಿಸುತ್ತಿರುವಾಗ ಬಾಯಿ ಮುಚ್ಚಿಕೊಂಡು ಕೈ ನೋಡಿ; ಬೆಂಕಿಯನ್ನು ಅವರು ಯಾವ ಬದಿಯಿಂದ ತರುತ್ತಾರೆ, ಯಾವ ಬಣ್ಣ ಕಂಡಾಗ ತೆಗೆಯುತ್ತಾರೆ ಎಂಬುದು ವಿವರಣೆಯಲ್ಲಿ ಬರುವುದಿಲ್ಲ.

ಮರಳಿ ಬಂದು ಏಳು ದಿನದೊಳಗೆ ಅದೇ ಕೆಲಸವನ್ನು ನಿಮ್ಮ ಮೇಜಿನಲ್ಲಿ, ನಿಮ್ಮ ಬೆಂಕಿಯಲ್ಲಿ ಮೂರು ಸಲ ಮಾಡಿ. ಮೂರರಲ್ಲಿಯೂ ಕೆಟ್ಟರೆ ತುಣುಕಿನ ಎರಡೂ ಬದಿಯ ಫೋಟೋ ತೆಗೆದು, ಸಂಖ್ಯೆ ಮತ್ತು ಸಮಯ ಬರೆದು ಕಲಿಸಿದವರಿಗೆ ಕಳಿಸಿ. ಇಂತಹ ಪ್ರಶ್ನೆಗಳಿಗೆ ಒಂದು ತಿಂಗಳಾದರೂ ಉತ್ತರಿಸುವಿರಾ ಎಂಬುದನ್ನು ಹೆಸರು ಕೊಡುವ ದಿನವೇ ಕೇಳಿರಬೇಕು. ನನ್ನ ಮೀನಾದ ಹಿರಿಯರು ಹನ್ನೊಂದನೆಯ ಚೌಕದ ಫೋಟೋ ನೋಡಿ ಒಂದೇ ಸಾಲು ಬರೆದಿದ್ದರು: ಪುಡಿಯನ್ನು ಇನ್ನೂ ಎರಡು ಸಲ ತೊಳಿ, ನೀರು ತಿಳಿಯಾಗುವವರೆಗೆ. ಹನ್ನೆರಡನೆಯ ಚೌಕದಲ್ಲಿ ಮಬ್ಬು ಹೋಗಿ ನೀಲಿಯ ಕೆಳಗಿನ ಬೆಳ್ಳಿ ಕಂಡಿತು.